ಕಾಯಿ ಕಚ್ಚಿಸುವ ಒಂಟಿಜೇನುಗಳು

"ಗಿಡದ ತುಂಬ ಹೂವಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಯಾವ ಔಷಧಿ ಹೊಡೆಯೋಣ?" ಬದನೆ, ಕುಂಬಳ, ಹಾಗಲ ಬೆಳೆಯುವ ರೈತರು ಕೇಳುವ ಈ ಪ್ರಶ್ನೆ ಹೊಸದಲ್ಲ. ಅಂಗಡಿಗೆ ಹೋದರೆ ಒಂದು ಚೋದಕದ ಸೀಸೆ, ಜೊತೆಗೆ ಒಂದು ಕೀಟನಾಶಕ ಕೈಗೆ ಬರುತ್ತದೆ. ಹೂ ಉದುರಲು ಅತಿ ಬಿಸಿಲು, ನೀರಿನ ಏರುಪೇರು, ಯೂರಿಯಾ ಹೆಚ್ಚಾಗಿರುವುದು ಮುಂತಾದ ಹಲವು ಕಾರಣಗಳಿರಬಹುದು. ಆದರೆ ಬಹಳ ಸಲ ಯಾರೂ ನೋಡದೆ ಬಿಡುವ ಕಾರಣ ಒಂದಿದೆ. ಹೂವಿಗೆ ಪರಾಗ ಮುಟ್ಟಿಸುವ ಕೀಟವೇ ಆ ಹೊಲದಲ್ಲಿ ಇಲ್ಲದಿರಬಹುದು. ಹಾಗಿದ್ದಲ್ಲಿ ಕೀಟನಾಶಕದಿಂದ ಕಾಯಿ ಹೆಚ್ಚುವುದಿಲ್ಲ, ಉಳಿದಿದ್ದ ನಾಲ್ಕು ಹುಳುಗಳೂ ಹೋಗುತ್ತವೆ.

ಜೇನು ಎಂದೊಡನೆ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು, ನಸರಿ. ಇವೆಲ್ಲ ಸಂಸಾರ ಕಟ್ಟಿಕೊಂಡು ಬಾಳುವ ಜಾತಿಗಳು. ಜಗತ್ತಿನಲ್ಲಿ ಗುರುತಿಸಲಾಗಿರುವ ಜೇನಿನ ಪ್ರಭೇದಗಳು 20,000ಕ್ಕೂ ಹೆಚ್ಚು, ನಮ್ಮ ದೇಶದಲ್ಲೇ 700ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲಿಗೆ ಗೂಡಿನ ಸಂಸಾರವಿಲ್ಲ, ರಾಣಿಯಿಲ್ಲ, ನಾವು ಹಿಂಡಿಕೊಳ್ಳುವಷ್ಟು ತುಪ್ಪವೂ ಇಲ್ಲ. ಒಂದೊಂದು ಹೆಣ್ಣೂ ತನ್ನಷ್ಟಕ್ಕೆ ತಾನೇ ಗೂಡು ಮಾಡಿ, ಮೇವು ತಂದು, ಮೊಟ್ಟೆಯಿಟ್ಟು ಹೋಗುತ್ತದೆ. ಇವೇ ಒಂಟಿಜೇನುಗಳು. ತುಪ್ಪ ಕೊಡದ್ದರಿಂದ ಇವಕ್ಕೆ ಊರುಗಳಲ್ಲಿ ಸರಿಯಾದ ಹೆಸರೂ ಬಿದ್ದಿಲ್ಲ. ದೊಡ್ಡದಾದರೆ "ದುಂಬಿ", ಚಿಕ್ಕದಾದರೆ "ಏನೋ ಒಂದು ನೊಣ" ಎನ್ನುತ್ತೇವೆ. 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿದಾಗ, ಹೊಲಗಳಲ್ಲಿ ಕೆಲಸ ನಿಲ್ಲದಂತೆ ನೋಡಿಕೊಂಡವರಲ್ಲಿ ಈ ಹೆಸರಿಲ್ಲದವರೂ ಸೇರಿದ್ದರು.

ಇವುಗಳ ಬಾಳ್ವೆ

ಹೆಣ್ಣು ಒಂದು ತೂತನ್ನು ಹುಡುಕುತ್ತದೆ ಅಥವಾ ತಾನೇ ಕೊರೆಯುತ್ತದೆ. ತೂತಿನ ಒಳತುದಿಯಲ್ಲಿ ಪರಾಗವನ್ನು ಮಕರಂದದೊಡನೆ ಕಲಸಿ ಕಡಲೆಕಾಳಿಗಿಂತ ಸಣ್ಣ ಉಂಡೆ ಮಾಡಿಡುತ್ತದೆ. ಅದರ ಮೇಲೆ ಒಂದು ಮೊಟ್ಟೆ. ಬಳಿಕ ಒಂದು ಅಡ್ಡಗೋಡೆ. ಮತ್ತೆ ಉಂಡೆ, ಮೊಟ್ಟೆ, ಗೋಡೆ. ಹೀಗೆ ಬಾಯಿಯವರೆಗೆ ಕೋಣೆಗಳನ್ನು ತುಂಬಿ, ಬಾಯಿಯನ್ನು ಮುಚ್ಚಿ ಹೊರಟುಬಿಡುತ್ತದೆ. ಮರಿ ಒಳಗೇ ಮೇವು ತಿಂದು, ಕೋಶವಾಗಿ, ರೆಕ್ಕೆ ಬಲಿತು ಹೊರಬರಲು ಅನುಕೂಲದ ಹವೆಯಲ್ಲಿ ಒಂದರಿಂದ ಒಂದೂವರೆ ತಿಂಗಳು ಬೇಕು. ಸಾಮಾನ್ಯವಾಗಿ ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಯಿಯ ಬಳಿ ಗಂಡು. ಗಂಡುಗಳು ಮೊದಲು ಹೊರಬಿದ್ದು ಹೆಣ್ಣುಗಳಿಗಾಗಿ ಸುತ್ತುತ್ತಿರುತ್ತವೆ.

ಇಲ್ಲಿ ರೈತರು ಗಮನಿಸಬೇಕಾದ ಸಂಗತಿಯೊಂದಿದೆ. ತುಡುವೆಯ ರಾಣಿ ದಿನಕ್ಕೆ ನೂರಾರು ಮೊಟ್ಟೆ ಇಡಬಲ್ಲದು. ಗೂಡಿನ ಐವತ್ತು ಕೆಲಸಗಾರರು ಸತ್ತರೂ ಆ ನಷ್ಟ ಬೇಗ ತುಂಬಿಬರುತ್ತದೆ. ಒಂಟಿಜೇನಿನ ಹೆಣ್ಣು ತನ್ನ ಜೀವಮಾನದಲ್ಲಿ ಇಡುವುದೇ ಹತ್ತಿಪ್ಪತ್ತು ಮೊಟ್ಟೆ. ರಾಣಿಯೂ ಅದೇ, ಕೂಲಿಯೂ ಅದೇ. ಮಧ್ಯಾಹ್ನ ಹೂವಿನ ಮೇಲೆ ಬಿದ್ದ ಒಂದು ಸಿಂಪರಣೆಯಿಂದ ಅದು ಸತ್ತರೆ ಅರ್ಧಕ್ಕೆ ನಿಂತ ಗೂಡನ್ನು ಮುಗಿಸುವವರು ಯಾರೂ ಇಲ್ಲ. ಒಮ್ಮೆ ಹೊಲ ಬಿಟ್ಟುಹೋದ ಒಂಟಿಜೇನುಗಳು ಮತ್ತೆ ನೆಲೆಯೂರಲು ವರ್ಷಗಳೇ ಹಿಡಿಯುವುದು ಇದರಿಂದಲೇ.

ಇವು ಕುಟುಕುವ ಭಯ ಬೇಡ. ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದ್ದರೂ ಕಾಯಬೇಕಾದ ದೊಡ್ಡ ಗೂಡಿಲ್ಲವಾದ್ದರಿಂದ, ಕೈಯಲ್ಲಿ ಹಿಡಿದು ಹಿಸುಕಿದರೆ ಹೊರತು ಅದು ಮೈಮೇಲೆ ಬರುವುದಿಲ್ಲ.

ಬಸವಾಪಟ್ಟಣದ ಸುತ್ತಮುತ್ತ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯ ಭಾಗದಲ್ಲಿ ಮೂರು ಬಗೆಯ ಬೇಸಾಯ ಒಟ್ಟಿಗೆ ಕಾಣಸಿಗುತ್ತದೆ. ಭದ್ರಾ ಕಾಲುವೆಯ ನೀರು ಹರಿಯುವ ಕಡೆ ಭತ್ತ ಮತ್ತು ಅಡಿಕೆ, ಮೇಲಿನ ಖುಷ್ಕಿಯಲ್ಲಿ ಮೆಕ್ಕೆಜೋಳ, ಮನೆ ಹಿತ್ತಲಲ್ಲಿ ಹಾಗೂ ತೋಟದ ಅಂಚಿನಲ್ಲಿ ತರಕಾರಿ. ಭತ್ತಕ್ಕೂ ಮೆಕ್ಕೆಜೋಳಕ್ಕೂ ಕೀಟದ ಹಂಗಿಲ್ಲ. ಅಡಿಕೆಯ ಪರಾಗವನ್ನೂ ಮುಖ್ಯವಾಗಿ ಗಾಳಿಯೇ ಸಾಗಿಸುತ್ತದೆ. ಆದ್ದರಿಂದ ಜೇನು ಕಡಿಮೆಯಾದದ್ದು ಇಲ್ಲಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಹಿತ್ತಲಿನ ಬದನೆ, ಕುಂಬಳದಲ್ಲಿ, ಬದುವಿನ ತೊಗರಿಯಲ್ಲಿ, ಬೀಜಕ್ಕೆ ಬಿಟ್ಟ ಸೆಣಬಿನಲ್ಲಿ.

ಹಿಂದೆ ಖುಷ್ಕಿ ಹೊಲಗಳಲ್ಲಿ ಅಕ್ಕಡಿ ಸಾಲುಗಳಿರುತ್ತಿದ್ದವು. ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಒಂದರ ಹಿಂದೆ ಒಂದು ಹೂ ಬಿಡುತ್ತಿದ್ದವು. ಮನೆಗೋಡೆ, ದನದ ಕೊಟ್ಟಿಗೆಯ ಗೋಡೆ ಮಣ್ಣಿನವು. ಹಿತ್ತಲ ಬೇಲಿಯಲ್ಲಿ ಒಣಕಡ್ಡಿ, ಮೂಲೆಯಲ್ಲಿ ಬಿದಿರ ಗಳ. ಒಂಟಿಜೇನಿಗೆ ಬೇಕಾದ ಊಟವೂ ಮನೆಯೂ ಯಾರೂ ಯೋಚಿಸದೆಯೇ ಒದಗಿಬಂದಿದ್ದವು. ಈಗ ಮೆಕ್ಕೆಜೋಳ ಒಂದೇ ಬೆಳೆಯಾಗಿ ಹಬ್ಬಿದೆ. ಅದರ ಗರಿಯಲ್ಲಿ ಪರಾಗ ಇದೆಯೇ ಹೊರತು ಮಕರಂದವಿಲ್ಲ. ಕಳೆನಾಶಕದಿಂದ ಬದುವಿನ ತುಂಬೆಯೂ ಹೋಯಿತು. ಗೋಡೆಗೆ ಸಿಮೆಂಟು ಬಂತು. ಸಿಮೆಂಟು ಬೇಡವೆಂದು ಯಾರಿಗೂ ಹೇಳಲಾಗದು, ಮಣ್ಣಗೋಡೆಯಲ್ಲಿ ಬಾಳುವ ಕಷ್ಟ ಮನೆಯವರಿಗೇ ಗೊತ್ತು. ಆದರೆ ಹೋದದ್ದರ ಬದಲಿಗೆ ಹಿತ್ತಲ ಮೂಲೆಯಲ್ಲಿ ಒಂದಿಷ್ಟು ಏರ್ಪಾಡು ಮಾಡಿಕೊಡುವುದು ಕಷ್ಟವಲ್ಲ, ಖರ್ಚಿನದೂ ಅಲ್ಲ.

ಈ ಕಡೆ ಸಾಮಾನ್ಯವಾಗಿ ಕಾಣುವ ಕೆಲವನ್ನು ಗುರುತಿಸಿಕೊಳ್ಳೋಣ.

ಹೆಬ್ಬೆರಳ ಗಾತ್ರದ, ಕಪ್ಪಗೆ ನೀಲಿ ಹೊಳೆಯುವ ರೆಕ್ಕೆಯ ಬಡಗಿ ದುಂಬಿಯನ್ನು ಎಲ್ಲರೂ ಬಲ್ಲರು. ಶಾಸ್ತ್ರೀಯ ಹೆಸರು ಜೈಲೋಕೋಪಾ. ಒಣಮರ, ಬಿದಿರ ಗಳಗಳಲ್ಲಿ ಬೆರಳು ಹೋಗುವಷ್ಟು ದುಂಡನೆಯ ತೂತು ಕೊರೆದು, ಕೆಳಗೆ ಮರದ ಪುಡಿ ಉದುರಿಸುವುದು ಇದೇ. ನುಗ್ಗೆ ಹೂವಿನ ಪರಾಗಸ್ಪರ್ಶದಲ್ಲಿ ಇದರದು ದೊಡ್ಡ ಪಾಲು.

ನೀಲಿಪಟ್ಟೆ ಜೇನು, ಅಂದರೆ ಅಮೆಜಿಲ್ಲಾ, ತುಡುವೆಗಿಂತ ಸ್ವಲ್ಪ ದಪ್ಪ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು. ಒಂದು ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಚಟಕ್ಕನೆ ಇನ್ನೊಂದಕ್ಕೆ ಹಾರುತ್ತದೆ. ತುಳಸಿ ಕಟ್ಟೆಯ ಹತ್ತಿರ ಬೆಳಗಿನ ಹೊತ್ತು ನಿಂತರೆ ನೋಡಸಿಗುತ್ತದೆ. ಗೂಡು ಮಣ್ಣಗೋಡೆಯಲ್ಲಿ, ಬದುವಿನ ಕಡಿದಾದ ಮಗ್ಗುಲಲ್ಲಿ. ಸಂಜೆಯ ಹೊತ್ತು ಇದರ ಗಂಡುಗಳು ಒಣಹುಲ್ಲಿನ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಸಾಲಾಗಿ ತೂಗಾಡುತ್ತ ನಿದ್ದೆ ಮಾಡುತ್ತವೆ. ಮಕ್ಕಳಿಗೆ ತೋರಿಸಬೇಕಾದ ನೋಟ.

ಎಲೆಕತ್ತರಿ ಜೇನು, ಅಂದರೆ ಮೆಗಾಖೈಲಿ, ಗುಲಾಬಿ ಮತ್ತು ತೊಗರಿ ಎಲೆಯ ಅಂಚಿನಲ್ಲಿ ನಾಣ್ಯವಿಟ್ಟು ಕತ್ತರಿಸಿದಂತೆ ದುಂಡನೆಯ ತುಣುಕು ತೆಗೆಯುತ್ತದೆ. ಅದನ್ನು ತಿನ್ನಲು ಅಲ್ಲ, ಗೂಡಿನ ಕೋಣೆಗೆ ಒಳಪದರ ಹಾಸಲು. ಗೋಡೆಗೆ ಉದ್ದನೆಯ ತುಣುಕು, ಮುಚ್ಚಳಕ್ಕೆ ದುಂಡನೆಯದು. ಉಳಿದ ಜೇನುಗಳಂತೆ ಕಾಲಿನಲ್ಲಲ್ಲ, ಹೊಟ್ಟೆಯ ಅಡಿಯ ಕೂದಲಿನಲ್ಲಿ ಪರಾಗ ಹೊರುತ್ತದೆ. ಹೊಟ್ಟೆ ಹಳದಿಯಾಗಿ ಕಂಡರೆ ಇದೇ ಎಂದು ತಿಳಿಯಬಹುದು. ಎಲೆ ಕತ್ತರಿಸಿತೆಂದು ಗುಲಾಬಿಗೆ ಔಷಧಿ ಹೊಡೆಯುವವರಿದ್ದಾರೆ. ಗಿಡಕ್ಕೆ ಇದರಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲದಷ್ಟು. ಅದೇ ಜೇನು ತೊಗರಿ ಹೂವಿಗೆ ಮಾಡುವ ಉಪಕಾರ ಬಹಳ ದೊಡ್ಡದು.

ಇನ್ನು ಇರುವೆಗಿಂತ ಸ್ವಲ್ಪ ದೊಡ್ಡದಾದ ಸೆರಟಿನಾ. ಕೆಲವು ಕಪ್ಪು, ಕೆಲವು ಹಸಿರು ಲೋಹದಂತೆ ಹೊಳೆಯುವಂಥವು. ಬೆಂಡಿರುವ ಒಣಕಡ್ಡಿಯ ಕತ್ತರಿಸಿದ ತುದಿಯಿಂದ ಒಳಹೊಕ್ಕು ಬೆಂಡನ್ನು ಕೊರೆದು ಗೂಡು ಮಾಡುತ್ತವೆ. ಕೊನೆಯದಾಗಿ ನೆಲದಲ್ಲಿ ಗೂಡು ಮಾಡುವ ಸಣ್ಣ ಬೆವರುಜೇನುಗಳು. ನೆಲದಲ್ಲಿ ಇರುವೆ ಗೂಡಿನಂತೆ ಸಣ್ಣ ತೂತು, ಸುತ್ತ ಪುಡಿಮಣ್ಣಿನ ಬಳೆ ಕಂಡರೆ ತುಳಿಯುವ ಮುಂಚೆ ಒಂದು ಗಳಿಗೆ ನಿಂತು ನೋಡಿ. ಒಂಟಿಜೇನುಗಳಲ್ಲಿ ಹೆಚ್ಚಿನವು ನೆಲದವೇ.

ಕಿಟಕಿ ಚೌಕಟ್ಟಿನ ಸಂದು, ಬೀಗದ ತೂತು, ಪ್ಲಗ್ಗಿನ ತೂತುಗಳಿಗೆ ಮಣ್ಣು ಮೆತ್ತಿದ್ದನ್ನು ನೋಡಿ "ಕುಂಬಾರ ಹುಳ" ಎನ್ನುತ್ತೇವೆ. ಒಡೆದು ನೋಡಿದರೆ ಒಳಗೆ ಹಸಿರು ಕೀಡೆಯೋ ಜೇಡವೋ ಇದ್ದರೆ ಅದು ಕಣಜ. ಹಳದಿ ಹಿಟ್ಟಿನ ಉಂಡೆ ಇದ್ದರೆ ಜೇನು. ಕೆಲವು ಒಂಟಿಜೇನುಗಳು ಎಲೆಯ ಬದಲು ಮಣ್ಣು ಇಲ್ಲವೇ ಮರದ ಅಂಟನ್ನು ಬಳಸುತ್ತವೆ. ಕಣಜವನ್ನೂ ಕೊಲ್ಲಬೇಕಿಲ್ಲ, ಅದು ಹಿಡಿದು ತಂದದ್ದು ನಿಮ್ಮ ಬೆಳೆಯ ಕೀಡೆಯನ್ನೇ ಇರಬಹುದು.

ಬದನೆ ಹೂವಿನ ಗುಟ್ಟು

ಬದನೆ ಹೂವನ್ನು ಕಿತ್ತು ನೋಡಿರಿ. ನಡುವೆ ಹಳದಿ ಕೇಸರಗಳು ಒತ್ತಾಗಿ ನಿಂತಿವೆ. ಪರಾಗ ಅವುಗಳ ಮೈಮೇಲಿಲ್ಲ, ಒಳಗಿದೆ. ಹೊರಬರಲು ಕೇಸರದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ, ಮೆಣಸಿನಪುಡಿ ಚಿಮುಕಿಸುವ ಡಬ್ಬಿಯಂತೆ. ತುಡುವೆ, ಹೆಜ್ಜೇನುಗಳು ಇದರ ಮೇಲೆ ಕುಳಿತರೂ ಪರಾಗವನ್ನು ಚೆನ್ನಾಗಿ ಉದುರಿಸಲಾರವು. ನೀಲಿಪಟ್ಟೆ ಜೇನು, ಬಡಗಿ ದುಂಬಿ, ಕೆಲವು ಬೆವರುಜೇನುಗಳು ಕೇಸರವನ್ನು ಕಚ್ಚಿಹಿಡಿದು, ರೆಕ್ಕೆಯನ್ನು ಅಲುಗಿಸದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಅದುರಿಸುತ್ತವೆ. ಆಗ ಹಾರುವಾಗಿನದಕ್ಕಿಂತ ತೀಕ್ಷ್ಣವಾದ "ಝೀಂ" ಎಂಬ ಸದ್ದು ಕೇಳುತ್ತದೆ. ಅದುರಾಟಕ್ಕೆ ಪರಾಗ ರಂಧ್ರದಿಂದ ಚಿಮ್ಮಿ ಜೇನಿನ ಎದೆಗೂ ಹೂವಿನ ಶಲಾಕಾಗ್ರಕ್ಕೂ ಅಂಟುತ್ತದೆ. ಟೊಮೆಟೊ ಹೂವಿಗೂ ಈ ಅದುರಾಟ ಬಹಳ ಉಪಯುಕ್ತ. ಗಾಳಿಗೆ ಗಿಡ ಅಲುಗಿದರೂ ಸ್ವಲ್ಪ ಪರಾಗ ಉದುರುತ್ತದೆ ನಿಜ. ಆದರೆ ಗಾಳಿಯ ಕೆಲಸಕ್ಕೂ ಜೇನಿನ ಕೆಲಸಕ್ಕೂ ಕಾಯಿಯ ತೂಕದಲ್ಲಿ ವ್ಯತ್ಯಾಸವಿದೆ. ಬದನೆಯಲ್ಲಿ ಶಲಾಕೆ ಮೋಟಾಗಿರುವ ಹೂಗಳೂ ಇರುತ್ತವೆ. ಅವು ಉದುರುವುದು ಸಹಜ, ಅದಕ್ಕೆ ಯಾವ ಜೇನೂ ಏನೂ ಮಾಡಲಾರದು.

ಸೆಣಬಿನದು ಇನ್ನೊಂದು ಬಗೆ. ಭತ್ತದ ಗದ್ದೆಗೆ ಹಸಿರುಗೊಬ್ಬರಕ್ಕಾಗಿ ಬಿತ್ತುವವರು ಬೀಜವನ್ನು ದುಡ್ಡು ಕೊಟ್ಟು ತರುತ್ತಾರೆ. ಮೂಲೆಯಲ್ಲಿ ಎರಡು ಗುಂಟೆ ಬೀಜಕ್ಕೆ ಬಿಟ್ಟರೆ ತಾವೇ ಮಾಡಿಕೊಳ್ಳಬಹುದು. ಆದರೆ ಸೆಣಬಿನ ಹೂವು ಬೀಜ ಕಟ್ಟಬೇಕಾದರೆ ಅದರ ಶಲಾಕಾಗ್ರವನ್ನು ಯಾವುದಾದರೂ ಕೀಟ ಉಜ್ಜಬೇಕು. ದೋಣಿಯಂಥ ಆ ಹೂದಳವನ್ನು ಒತ್ತಿ ತೆರೆಯುವ ಬಲ ಬಡಗಿ ದುಂಬಿಗೂ ಎಲೆಕತ್ತರಿ ಜೇನಿಗೂ ಇದೆ. ಅವು ಇಲ್ಲದ ಕಡೆ ಹೂವು ಚಿನ್ನದಂತೆ ಅರಳಿದರೂ ಕಾಯಿ ಬರುವುದು ಅಷ್ಟಕ್ಕಷ್ಟೆ. ತೊಗರಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳಬಲ್ಲದು, ಆದರೂ ಜೇನು ಬಂದ ಹೊಲದಲ್ಲಿ ಕಾಯಿ ಹೆಚ್ಚು ನಿಲ್ಲುತ್ತವೆ. ಒಂದು ಎಚ್ಚರಿಕೆ: ಜೇನು ತೊಗರಿಯ ತಳಿಗಳನ್ನು ಬೆರಕೆಯನ್ನೂ ಮಾಡುತ್ತದೆ. ಬೀಜಕ್ಕೆ ಇಡುವ ತೊಗರಿಯನ್ನು ಬೇರೆ ತಳಿಯಿಂದ ದೂರ ಬೆಳೆಯಬೇಕು.

ಜೇನಿನ ಕೊರತೆ ಇದೆಯೇ? ಹೀಗೆ ನೋಡಿ

ಕುಂಬಳ, ಹಾಗಲ, ಸೌತೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಇರುತ್ತದೆ. ಕುಂಬಳದಲ್ಲಿ ಈ ಪರೀಕ್ಷೆ ಸುಲಭ. ನಸುಕಿನಲ್ಲಿ ಅರಳಿದ ಗಂಡು ಹೂವನ್ನು ಕಿತ್ತು, ದಳ ಹರಿದು ಹಾಕಿ, ಅದರ ಕೇಸರವನ್ನು ಹತ್ತು ಹೆಣ್ಣು ಹೂಗಳ ಶಲಾಕಾಗ್ರಕ್ಕೆ ಮೆಲ್ಲನೆ ಸವರಿ, ತೊಟ್ಟಿಗೆ ಕೆಂಪು ದಾರ ಕಟ್ಟಿ. ಅದೇ ದಿನ ಅರಳಿದ ಇನ್ನು ಹತ್ತು ಹೆಣ್ಣು ಹೂಗಳಿಗೆ ಬಿಳಿ ದಾರ ಕಟ್ಟಿ, ಮುಟ್ಟದೆ ಬಿಡಿ. ಬಳ್ಳಿಯ ವಯಸ್ಸು, ನೀರು, ಗೊಬ್ಬರ ಎರಡಕ್ಕೂ ಒಂದೇ ಆಗಿರಲಿ. ವಾರದ ಮೇಲೆ ಎಣಿಸಿ. ಕೆಂಪು ದಾರದಲ್ಲಿ ಎಂಟು ನಿಂತು ಬಿಳಿ ದಾರದಲ್ಲಿ ಮೂರು ಮಾತ್ರ ನಿಂತಿದ್ದರೆ, ನಿಮ್ಮ ಹಿತ್ತಲಲ್ಲಿ ಕೊರತೆಯಿರುವುದು ಜೇನಿನದು, ಗೊಬ್ಬರದ್ದಲ್ಲ. ಎರಡರಲ್ಲೂ ಒಂದೇ ಸಮನಾಗಿ ಉದುರಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಉದುರಿದ ಮಿಡಿಯನ್ನು ಸೀಳಿ ನೋಡುವುದನ್ನು ಮರೆಯಬಾರದು. ಒಳಗೆ ಬಿಳಿ ಹುಳು ಇದ್ದರೆ ಅದು ಹಣ್ಣುನೊಣದ ಕೆಲಸ. ಹುಳುವಿಲ್ಲದೆ ತುದಿಯಿಂದ ಹಳದಿಯಾಗಿ ಸುಕ್ಕಿದ್ದರೆ ಪರಾಗ ಮುಟ್ಟಿಲ್ಲವೆಂದು ಸಂಶಯಪಡಬಹುದು. ಹೀರೆಯ ಹೂವು ಸಂಜೆ ಅರಳುತ್ತದೆ, ಸೋರೆಯದೂ ಹಾಗೆಯೇ. ಸೋರೆಗೆ ರಾತ್ರಿಯ ಪತಂಗಗಳೂ ಬರುತ್ತವೆ. ಆದ್ದರಿಂದ ಈ ಎರಡರಲ್ಲಿ ಬೆಳಿಗ್ಗೆ ಜೇನು ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಗೂಡಿಗೆ ಏರ್ಪಾಡು

ಮೊದಲು, ಇರುವುದನ್ನು ಉಳಿಸಿಕೊಳ್ಳುವುದು. ಹೊಲದ ಪೂರ್ವಕ್ಕೆ ಮುಖಮಾಡಿದ ಒಂದು ಬದುವನ್ನಾದರೂ ಅಗೆಯದೆ, ರೋಟವೇಟರ್ ತಾಗಿಸದೆ, ಕಳೆನಾಶಕ ಹೊಡೆಯದೆ ಬಿಡಿ. ನೆಲದ ಗೂಡುಗಳಿಗೆ ಹುಲ್ಲು ದಟ್ಟವಾಗಿ ಬೆಳೆಯದ, ನೀರು ನಿಲ್ಲದ, ಬಿಸಿಲು ಬೀಳುವ ಗಟ್ಟಿನೆಲ ಬೇಕು. ಹಿತ್ತಲೆಲ್ಲ ಮುಚ್ಚಿಗೆ ಹಾಕುವವರು ಒಂದೆರಡು ಮಾರು ಜಾಗವನ್ನು ಬರಿದಾಗಿ ಬಿಡಬೇಕು. ಹಳೆಯ ಮಣ್ಣಗೋಡೆ ಕೆಡವುವಾಗ ಬಿಸಿಲು ಬೀಳುವ ಒಂದು ತುಂಡನ್ನು ಹಾಗೇ ಉಳಿಸಿಕೊಳ್ಳಬಹುದು. ಅದಿಲ್ಲದಿದ್ದರೆ ಕೆಮ್ಮಣ್ಣು, ಮರಳು ಕಲಸಿ, ಸಿಮೆಂಟು ಸೇರಿಸದೆ, ಮೂರಡಿ ಉದ್ದ ಎರಡಡಿ ಎತ್ತರದ ಮೋಟುಗೋಡೆ ಹಾಕಿ, ಹಸಿಯಿರುವಾಗಲೇ ಪೆನ್ಸಿಲ್ ಗಾತ್ರದ ಕಡ್ಡಿಯಿಂದ ಒಂದಂಗುಲ ಆಳದ ತೂತುಗಳನ್ನು ಮಾಡಿಡಿ. ನೀಲಿಪಟ್ಟೆ ಜೇನು ಅದನ್ನು ಮುಂದುವರಿಸಿ ತನಗೆ ಬೇಕಾದಂತೆ ಕೊರೆದುಕೊಳ್ಳುತ್ತದೆ. ಮೇಲೆ ಒಂದು ತಗಡೋ ಹೆಂಚೋ ಇರಲಿ.

ಎಲೆಕತ್ತರಿ ಜೇನಿಗೆ ಸಣ್ಣ ಬಿದಿರು, ಲಾಳದ ಕಡ್ಡಿ, ಹರಳಿನ ಒಣಕಾಂಡ ಆಗುತ್ತದೆ. ಒಳರಂಧ್ರ 6ರಿಂದ 10 ಮಿ.ಮೀ., ಉದ್ದ 15 ಸೆಂ.ಮೀ. ಇರುವಂತೆ, ಒಂದು ಕಡೆ ಗಿಣ್ಣು ಉಳಿಯುವಂತೆ ಕತ್ತರಿಸಿ. ಗಿಣ್ಣಿಲ್ಲದಿದ್ದರೆ ಜೇಡಿಮಣ್ಣಿನಿಂದ ಒಂದು ತುದಿ ಮುಚ್ಚಿ. ಇಪ್ಪತ್ತು ಮೂವತ್ತು ಕಡ್ಡಿಗಳನ್ನು ಒಟ್ಟಿಗೆ ಕಟ್ಟಿ, ಒಡೆದ ಮಡಕೆಯಲ್ಲಿ ಅಥವಾ ಹಳೆಯ ಡಬ್ಬಿಯಲ್ಲಿ ಅಡ್ಡಲಾಗಿ ಇಡಬೇಕು. ಮೆದು ಮರದ ತುಂಡಿಗೆ ಬೈರಿಗೆಯಿಂದ 4ರಿಂದ 10 ಮಿ.ಮೀ. ಅಗಲದ ತೂತುಗಳನ್ನು ಹಾಕಿದರೂ ಆಗುತ್ತದೆ. ತೂತು ಆಚೆ ಬದಿಗೆ ಹೊರಡಬಾರದು, ಬಾಯಲ್ಲಿ ಸಿಬಿರು ಉಳಿಯಬಾರದು, ಬಣ್ಣ ವಾರ್ನಿಷು ಬಳಿಯಬಾರದು. ಪ್ಲಾಸ್ಟಿಕ್ ಕೊಳವೆ ಬೇಡ, ತೇವ ಒಳಗೇ ನಿಂತು ಮೇವು ಬೂಷ್ಟು ಹಿಡಿಯುತ್ತದೆ.

ಸೆರಟಿನಾಕ್ಕೆ ಬೆಂಡಿನ ಕಡ್ಡಿ. ರತ್ನಗಂಧಿ ಗಿಡ ಸವರಿದಾಗ ಬರುವ ಬೆರಳಿನ ದಪ್ಪದ ಕಡ್ಡಿಗಳು ಇದಕ್ಕೆ ಬಹಳ ಚೆನ್ನ. ಅವನ್ನು ಒಣಗಿಸಿ, ಕತ್ತರಿಸಿದ ತುದಿ ಕಾಣುವಂತೆ ಕಟ್ಟು ಕಟ್ಟಿ ಬೇಲಿಗೆ ನೇತುಹಾಕಿದರೆ ಸಾಕು. ಗಿಡದಲ್ಲೇ ಸವರಿದ ತುದಿ ಒಣಗಿ ನಿಂತಿದ್ದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಸವರಿದ ಕಡ್ಡಿಗಳಿಗೆಲ್ಲ ಬೆಂಕಿ ಹಚ್ಚುವ ಅಭ್ಯಾಸ ನಮ್ಮಲ್ಲಿದೆ. ಹಚ್ಚುವ ಮುಂಚೆ ತುದಿಯಲ್ಲಿ ಸಾಸಿವೆಗಿಂತ ದೊಡ್ಡ ತೂತು ಇದೆಯೇ ನೋಡಿ, ಇದ್ದವನ್ನು ಪಕ್ಕಕ್ಕಿಡಿ.

ಬಡಗಿ ದುಂಬಿ ಮಾತ್ರ ತಕರಾರಿನ ನೆಂಟ. ಮನೆಯ ಜಂತಿ, ಚಪ್ಪರದ ಗಳ, ಏಣಿಗಳನ್ನು ಅದು ಕೊರೆಯುವುದು ನಿಜ, ಆ ನಷ್ಟವನ್ನು ಅಲ್ಲಗಳೆಯುವಂತಿಲ್ಲ. ಕೊಲ್ಲುವ ಬದಲು, ಬೇಕಾದ ಮರಕ್ಕೆ ಬಣ್ಣ ಬಳಿದು, ಬೇಡದ ಹಾಲುವಾಣ ಅಥವಾ ಒಣಬಿದಿರಿನ ತುಂಡನ್ನು ನುಗ್ಗೆ ಮರದ ಹತ್ತಿರ ಕಟ್ಟಿದರೆ ಹೆಚ್ಚಿನವು ಅಲ್ಲಿಗೆ ಹೋಗುತ್ತವೆ.

ಗೂಡುಗಳನ್ನು ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಗಾಳಿಗೆ ತೂಗಾಡದಂತೆ ಬಿಗಿಯಾಗಿ, ಬಾಯಿ ಪೂರ್ವಕ್ಕಿರುವಂತೆ ಕಟ್ಟಬೇಕು. ಮುಂಗಾರು ಮಳೆ ಪಡುವಣ ದಿಕ್ಕಿನಿಂದ ಹೊಡೆಯುವುದರಿಂದ ಬೆನ್ನು ಆ ಕಡೆಗಿರಲಿ. ಅಡಿಕೆ ತೋಟದ ನಡುವಿನ ನೆರಳಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ, ಬೆಳಗಿನ ಬಿಸಿಲು ಬೀಳುವ ಅಂಚಿನಲ್ಲಿ ಕಟ್ಟಬೇಕು. ಇರುವೆ ಹತ್ತದಂತೆ ಕಟ್ಟಿದ ತಂತಿಗೆ ಗ್ರೀಸು ಸವರಿ. ದೊಡ್ಡದೊಂದು ಗೂಡು ಮಾಡಿ ನೂರಾರು ಕಡ್ಡಿ ತುಂಬುವುದಕ್ಕಿಂತ ಸಣ್ಣ ಕಟ್ಟುಗಳನ್ನು ಅಲ್ಲಲ್ಲಿ ಇಡುವುದು ಮೇಲು. ಒಂದೇ ಕಡೆ ಗುಂಪಾದರೆ ನುಸಿ, ಬೂಷ್ಟು, ಪರೋಪಜೀವಿ ಕಣಜಗಳೂ ಅಲ್ಲೇ ಗುಂಪಾಗುತ್ತವೆ.

ಹೂವು ಮತ್ತು ಸಿಂಪರಣೆ

ಸಣ್ಣ ಒಂಟಿಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದು ಅಪರೂಪ. ಆದ್ದರಿಂದ ಹೂವು ಹಿತ್ತಲಲ್ಲೇ, ಬದುವಿನಲ್ಲೇ ಇರಬೇಕು, ಅದೂ ವರ್ಷದ ಎಲ್ಲ ತಿಂಗಳು. ಮಳೆಗಾಲದಲ್ಲಿ ತುಂಬೆ, ಅಲಸಂದೆ, ಸೆಣಬು. ಹಿಂಗಾರಿಗೆ ಹುಚ್ಚೆಳ್ಳು, ತೊಗರಿ, ಅವರೆ, ಬೀಜಕ್ಕೆ ಬಿಟ್ಟ ಕೊತ್ತಂಬರಿ. ಬೇಸಿಗೆಯ ಮೊದಲಿಗೆ ಬೇಲಿಯ ಗ್ಲಿರಿಸಿಡಿಯಾ, ಅನಂತರ ಬೇವು ಮತ್ತು ಹೊಂಗೆ. ವರ್ಷವಿಡೀ ತುಳಸಿ, ಕಾಮಕಸ್ತೂರಿ. ಗುಡ್ಡದ ಅಂಚಿನ ಹೊಲದವರು ತಂಗಡಿಯನ್ನು ಕಡಿಯದೆ ಬಿಟ್ಟರೆ, ಬದನೆ ಹೂವಿಗೆ ಬರುವ ಅದುರುವ ಜೇನುಗಳಿಗೆ ಅದೇ ಊಟದ ಮನೆ. ಮೆಕ್ಕೆಜೋಳದ ಹೊಲದಲ್ಲಿ ಹತ್ತು ಸಾಲಿಗೆ ಒಂದು ಸಾಲು ತೊಗರಿ ಹಾಕಿದರೆ ಮನೆಯ ಬೇಳೆಗೂ ಆಯಿತು.

ಇಷ್ಟೆಲ್ಲ ಮಾಡಿ ಹೂವಿನ ಮೇಲೆ ಹಗಲು ಹೊತ್ತು ಕೀಟನಾಶಕ ಹೊಡೆದರೆ, ನೆಂಟರನ್ನು ಕರೆದು ಊಟಕ್ಕೆ ವಿಷವಿಟ್ಟಂತಾಗುತ್ತದೆ. ಹೊಡೆಯಲೇಬೇಕಾದಾಗ ಸೂರ್ಯ ಮುಳುಗುವ ಹೊತ್ತಿಗೆ ಹೊಡೆಯಬೇಕು. ಪುಡಿ ರೂಪದ ಔಷಧಿ ಪರಾಗದೊಡನೆ ಗೂಡಿಗೆ ಹೋಗುವುದರಿಂದ ಹೂವಿನ ಕಾಲದಲ್ಲಿ ಅದು ಬೇಡವೇ ಬೇಡ. ತೊಗರಿ ಹೂವಿನಲ್ಲಿರುವಾಗಲೇ ಹಸಿರು ಕಾಯಿಕೊರಕವೂ ಬರುತ್ತದೆ, ರೈತರ ನಿಜವಾದ ಇಕ್ಕಟ್ಟು ಇದು. ಮರಿಹುಳು ಸಣ್ಣದಿರುವಾಗಲೇ ಎಕರೆಗೆ 100 ಎಲ್.ಇ. ಪ್ರಮಾಣದ ಎನ್.ಪಿ.ವಿ. ನಂಜಾಣುವನ್ನು ಸಂಜೆ ಸಿಂಪಡಿಸಿದರೆ ಕೊರಕ ಸಾಯುತ್ತದೆ, ಜೇನಿಗೆ ಏನೂ ಆಗುವುದಿಲ್ಲ. ಬದನೆಯ ಕುಡಿ ಮತ್ತು ಕಾಯಿ ಕೊರಕಕ್ಕೆ ಮೋಹಕ ಬಲೆ ಕಟ್ಟಿ, ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಿ ನಾಶಮಾಡಬೇಕು. ಬಳ್ಳಿ ತರಕಾರಿಯ ಹಣ್ಣುನೊಣಕ್ಕೆ ಕ್ಯೂಲ್ಯೂರ್ ಬಲೆ. ಗುರುತು ಹತ್ತದ ಹುಳುವನ್ನೋ ಮಿಡಿಯನ್ನೋ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೆ ಇಲ್ಲವೇ ದಾವಣಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.

ಗೂಡಿನ ಕಡ್ಡಿಗಳನ್ನು ಕಟ್ಟಿದ ಮೊದಲ ತಿಂಗಳಲ್ಲೇ ತುಂಬಲಿಲ್ಲವೆಂದು ಬಿಚ್ಚಿ ಹಾಕಬೇಡಿ. ತೊಗರಿ ಹೂ ಬಿಡುವ ಮುಂಚೆ ಕಟ್ಟಿ, ಮುಂದಿನ ಮುಂಗಾರಿನವರೆಗೆ ಅಲ್ಲೇ ಬಿಡಿ. ಬಾಯಿಗೆ ಎಲೆಯ ಬಿಲ್ಲೆಯೋ ಮಣ್ಣೋ ಮೆತ್ತಿರುವ ಕಡ್ಡಿಯನ್ನು ಅಲುಗಿಸಬಾರದು. ಬಿಲ್ಲೆ ಒಡೆದು ತೂತು ಕಂಡಿದ್ದರೆ ಮರಿ ಹೊರಬಿದ್ದಿದೆ ಎಂದರ್ಥ. ಅಂಥ ಕಡ್ಡಿಯನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಸಿಕ್ಕಿಸಿ.